ಎರಡು ಬಾಗಿಲು

ಬೆಳಗ್ಗಿಂದ ರಾತ್ರಿವರೆಗೆ ನಾನು ಹಿಂಬಾಗಿಲು.
ಸ್ಟೇಟ್‌ಬ್ಯಾಂಕಿನಿಂದ ಹೊರಟು ಸ್ಟೇಟ್‌ಬ್ಯಾಂಕಿಗೇ ಮರಳುವ ಬಸ್ಸಿನಲ್ಲಿ
ಮುಂದೆ ಹೋಗಿ, ಮುಂದೆ ಜಾಗ ಉಂಟು, ಎಂದು
ಇಲ್ಲದ ಜಾಗವನ್ನು ಹಂಚುವವನು.
ಚಿಲ್ಲರೆ ವಾಸನೆಯ ಇದೇ ಬೆರಳುಗಳು
ಹತ್ತು ಗಂಟೆಯ ಮೇಲೆ ತಂತಿ ಮುಟ್ಟುತ್ತವೆ.

ಮಾರ್ನಮಿಕಟ್ಟೆಯಲ್ಲಿ ಬಾಡಿಗೆ ಮನೆ.
ಗಿಟಾರು, ಮದುವೆ ಬ್ಯಾಂಡೊಂದು ಮುಚ್ಚಿದಾಗ ಸಿಕ್ಕಿದ್ದು;
ಬೆನ್ನ ಮೇಲೆ ಯಾರದೋ ಬೆಲ್ಟಿನ ಗೀರುಗಳು.
ಉಪ್ಪುಗಾಳಿಗೆ ತಿಂಗಳೊಳಗೆ ತಂತಿ ತುಕ್ಕು,
ಜ್ಯಾಕಿನೊಳಗೆ ಕರಕರ.

ಆಸೆ ಇಷ್ಟೇ: ಒಮ್ಮೆ ನುಡಿಸಿದ್ದು
ಎರಡು ದಾರಿ ಹಿಡಿಯಬೇಕು.
ಒಂದು ಆಂಪಿಗೆ. ಬಟ್ಟೆ ಕಪಾಟಿನಲ್ಲಿ
ವಾರಿಜಳ ಧಾರೆ ಸೀರೆಯ ಕೆಳಗೆ ಅದನ್ನು ಕೂರಿಸಿ
ಎದುರಿಗೆ ಮೈಕಿಟ್ಟಿದ್ದೇನೆ. ವಯರು ಅಡ್ಡ ಬಂದು
ಕಪಾಟಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.
ಇನ್ನೊಂದು ನೇರ ಕಂಪ್ಯೂಟರಿಗೆ. ಬೋಳು,
ಒಗ್ಗರಣೆ ಹಾಕದ ಸಾರು;
ಆಮೇಲೆ ಬೇಕಾದ್ದು ಹಾಕಿಕೊಳ್ಳುವ ಎಂಬ ಧೈರ್ಯಕ್ಕೆ.

ಕವಲು ವಯರು ತಂದೆ, ನೂರಿಪ್ಪತ್ತು ರೂಪಾಯಿ.
ಸಿಕ್ಕಿಸಿದೊಡನೆ ಗುಂಯ್.
ಜಿ ಅಲ್ಲ, ಜಿ ಶಾರ್ಪೂ ಅಲ್ಲ, ನಡುವೆ ಎಲ್ಲೋ,
ಸ್ಟಾಪಿಲ್ಲದ ಕಡೆ ಇಳಿಯುತ್ತೇನೆಂದು
ಹಟ ಹಿಡಿದ ಪ್ಯಾಸೆಂಜರಿನ ಹಾಗೆ.

ರೇಡಿಯೋ ರಿಪೇರಿಯ ಐತಪ್ಪಣ್ಣ
ಕನ್ನಡಕ ಹಣೆಗೇರಿಸಿ ಹೇಳಿದರು:
ಎರಡು ಮೆಷಿನು, ಎರಡು ಪ್ಲಗ್ಗು, ನೆಲಕ್ಕೆ ಎರಡು ದಾರಿ.
ಕರೆಂಟು ಸುತ್ತು ಹೊಡೀತದೆ ಕಂಡಕ್ಟ್ರೇ, ನಿಮ್ಮ ಬಸ್ಸಿನ ಹಾಗೆ.
ಅರ್ತ್ ಪಿನ್ನು ಕಿತ್ತು ಬಿಡುವುದಾ, ಎಂದೆ.
ಕಿತ್ತರೆ ಸದ್ದು ಹೋಗ್ತದೆ.
ಒಂದು ದಿನ ನೀವೂ ಹೋಗ್ತೀರಿ.

ಡಬ್ಬಿ ತಡಕಾಡಿ
ಬೆಂಕಿಪೊಟ್ಟಣದಷ್ಟು ಟ್ರಾನ್ಸ್‌ಫಾರ್ಮರ್ ತೆಗೆದರು.
ಇದರೊಳಗೆ ಎರಡು ಸುರುಳಿ. ಒಂದಕ್ಕೊಂದು ತಾಗುವುದಿಲ್ಲ.
ಹಾಗಾದರೆ ಸ್ವರ ದಾಟುವುದು ಹೇಗೆ?
ಸೋಲ್ಡರಿನ ಹೊಗೆ ಊದಿ, ಬಹಳ ಹೊತ್ತಿನ ಮೇಲೆ,
ನನಗೂ ನಮ್ಮ ಮನೆಯವಳಿಗೂ ಆರು ವರ್ಷದಿಂದ ಮಾತಿಲ್ಲ, ಎಂದರು.
ಚಾ ಬರ್ತದಲ್ಲ?

ಗುಂಯ್ ಸತ್ತ ರಾತ್ರಿ ಹನ್ನೊಂದು ನಿಮಿಷ ನುಡಿಸಿದೆ.
ಎರಡನ್ನೂ ಒಟ್ಟಿಗೆ ಬಿಟ್ಟು ಕೇಳಿದರೆ
ಟೊಳ್ಳು, ಗೆದ್ದಲು ತಿಂದ ಪಕ್ಕಾಸು.
ಕಪಾಟಿನದು ಗಾಳಿಯಲ್ಲಿ ನಡೆದು ಬಂದದ್ದು, ಕೂದಲೆಳೆಯಷ್ಟು ತಡ;
ಇದು ಏರುವಾಗ ಅದು ಇಳಿಯುತ್ತದೆ,
ಫುಟ್‌ಬೋರ್ಡಿನಲ್ಲಿ ಡಿಕ್ಕಿ.
ಪರದೆಯ ಮೇಲೆ ತಡವಾದ ಅಲೆಯನ್ನು
ಉಗುರಿನಂಚಿನಷ್ಟು ಎಡಕ್ಕೆ ಎಳೆದೆ.
ಎದೆಯ ಹತ್ತಿರ ದಪ್ಪಗೆ ಏನೋ ಬಂದು ಕೂತಿತು.

ಆಮೇಲೆ ಬೋಳನ್ನು ಮಾತ್ರ ಕೇಳಿದೆ.
ಲೋಕವೇ ಇಲ್ಲದ ಸದ್ದು. ಫ್ಯಾನಿಲ್ಲ, ನಾಯಿಯಿಲ್ಲ,
ಪಕ್ಕದ ಮನೆ ಸೆವ್ರಿನ್ ಬಾಯಿಯ ಕೆಮ್ಮಿಲ್ಲ.
ಬೆರಳು, ತಂತಿ, ನನ್ನ ತಪ್ಪುಗಳು.
ಏಳನೇ ನಿಮಿಷದಲ್ಲಿ ಒಂದು ಎಡವು:
ಕಾರಣವಿಲ್ಲದೆ ಕೈ ನಿಂತು
ಅರ್ಧ ಮಾತ್ರೆ ಬಿಟ್ಟು ಮತ್ತೆ ಹೊರಟಿದೆ.
ಕತ್ತರಿಸಿ ಬಿಸಾಡುವ ಎಂದು ಗುರುತು ಹಾಕಿದೆ.

ಕಪಾಟಿನದನ್ನು ಅದೇ ಜಾಗಕ್ಕೆ ತಂದು ಕೇಳಿದರೆ
ಮುಚ್ಚದ ಬಾಗಿಲ ಸಂದಿನಿಂದ
ಸೀರೆ ಮಡಿಕೆಗಳನ್ನು ದಾಟಿ, ತುಂಬ ದೂರದಿಂದ,
"ಗಂಜಿ ಆರ್ತದೆ."

ಕೇಳಿಸಿದ ನೆನಪು ನನಗಿಲ್ಲ.
ಕೈಗೆ ಕೇಳಿಸಿದೆ.

ಗುರುತು ಅಳಿಸಿದೆ. ಹನ್ನೊಂದು ನಿಮಿಷವೂ ಹಾಗೆಯೇ ಉಂಟು,
ಒಂದರ ಕೆಳಗೆ ಒಂದು, ಎರಡು ಗೆರೆಯಾಗಿ.

ದುಡ್ಡು ತೆಗೆದುಕೊಳ್ಳದ ಐತಪ್ಪಣ್ಣ ಸೋಮವಾರ
ನನ್ನ ಬಾಗಿಲಲ್ಲೇ ಹತ್ತಿ, ಬೇಡವೆಂದರೂ ಕೇಳದೆ
ಟಿಕೇಟು ಹರಿಸಿಕೊಂಡರು.
ಚಾ ಬಂತಾ, ಎಂದೆ.
ಬಂತು.
ಇವತ್ತು ಸಕ್ಕರೆ ಜಾಸ್ತಿ.
ಏನೂ ತೋಚದೆ ವಿಶಿಲು ಊದಿದೆ, ಬಸ್ಸು ಹೊರಟಿತು.