ಕೆಟ್ಟ ಹಾಡುಗಳ ತೂಕ

ಗ್ರಿಮ್ಸ್‌ಬಿಯ ಹಳೇ ಹಡಗುಕಟ್ಟೆಯ ಹಿಂದೆ
ಮೀನಿನ ವಾಸನೆ ಇನ್ನೂ ಬಿಡದ ಪಬ್ಬಿನಲ್ಲಿ
ಪ್ರತಿ ನವೆಂಬರಿನ ಮೊದಲ ಗುರುವಾರ
ನಾವು ಏಳು ಜನ ಸೇರುತ್ತೇವೆ,
ಪ್ರೀತಿಸಿದವರ ತಪ್ಪು ಎಣಿಸಲಿಕ್ಕೆ.

ಬ್ಯಾಂಡಿನ ಹೆಸರು ಟೈಡ್ ಕ್ಲರ್ಕ್ಸ್.
ನಲವತ್ತೊಂದು ವರ್ಷ, ಹದಿನಾರು ಆಲ್ಬಮ್ಮು,
ಮೂವರು ಡ್ರಮ್ಮರು, ಬದಲಾಯಿಸಿದ ಒಂದು ಮಂಡಿಚಿಪ್ಪು.
ಒಳ್ಳೆಯ ಹಾಡುಗಳ ಮಾತು ಇಲ್ಲಿ ನಿಷಿದ್ಧ.
ಅವನ್ನು ಯಾರು ಬೇಕಾದರೂ ಹೊಗಳುತ್ತಾರೆ,
ಟ್ಯಾಕ್ಸಿಯವನೂ, ಹಲ್ಲಿನ ಡಾಕ್ಟರೂ.
ಕೆಟ್ಟದ್ದನ್ನು ಬಾಯಿಪಾಠ ಮಾಡಿದವರು
ಈ ಮೇಜಿನ ಸುತ್ತ ಇರುವಷ್ಟೇ.

ಲೆಕ್ಕ ಬರೆಯುವವಳು ನಾನು.
ಇಪ್ಪತ್ತಾರು ವರ್ಷ ಹರಾಜುಕಟ್ಟೆಯಲ್ಲಿ
ಕಾಡ್, ಹ್ಯಾಡಕ್ ತೂಗಿದ ಕೈ;
ಕಿವಿರು ನೋಡಿಯೇ ಹೇಳುತ್ತಿದ್ದೆ
ಹಿಡಿದು ಎಷ್ಟು ದಿನವಾಯಿತೆಂದು.
ಹಾಡಿಗೆ ಕಿವಿರಿಲ್ಲ.

ಹಂಫ್ರಿ ಎದ್ದು ಗಂಟಲು ಸರಿಮಾಡಿಕೊಳ್ಳುತ್ತಾನೆ:
'ಆರನೆಯ ಆಲ್ಬಮ್ಮು. ನಾಯಿಗಾಗಿ ಬರೆದ ಹನ್ನೊಂದು ನಿಮಿಷ.'
'ನಾಯಿ ಸತ್ತಿತ್ತು, ಪಾಪ' ಎಂದು ಬೆರಿಲ್.
'ಸತ್ತ ನಾಯಿ ಅಷ್ಟು ಹೊತ್ತು ಬೊಗಳುವುದಿಲ್ಲ.'
ಒಂಬತ್ತನೆಯದರ ಹೆಸರೆತ್ತಿದರೆ ಸಾಕು
ಎಲ್ಲರೂ ಗ್ಲಾಸಿನೊಳಗೆ ನೋಡುತ್ತಾರೆ.
ಡ್ರಮ್ಮರನ್ನು ಮನೆಗೆ ಕಳಿಸಿ ಯಂತ್ರ ತಂದ ವರ್ಷ ಅದು;
ನನ್ನ ಕಟ್ಟೆಗೂ ಯಂತ್ರ ಬಂದ ವರ್ಷ.
ಹದಿಮೂರನೆಯದರಲ್ಲಿ 'ಕಡಲೇ, ಕಡಲೇ' ಅಂತ ಇಪ್ಪತ್ತೆರಡು ಸಲ,
ಕಡಲು ಕಂಡವರು ಅದನ್ನು ಹಾಗೆ ಕೂಗುತ್ತಾರೆಯೆ?

ಅಳೆದೂ ಸುರಿದೂ, ಬೈದೂ ಬಿಕ್ಕಳಿಸಿಯೂ
ಗ್ಲಾಸಿನಡಿಯ ರಟ್ಟಿನ ಬೆನ್ನಿಗೆ ಓಟು ಬರೆದು
ಹಂಫ್ರಿಯ ಟೋಪಿಗೆ ಹಾಕುತ್ತೇವೆ.
ಕಟ್ಟಕಡೆಯ ಸ್ಥಾನಕ್ಕೆ ಮಾತ್ರ ಜಗಳವಿಲ್ಲ.
ಹತ್ತೊಂಬತ್ತು ವರ್ಷದಿಂದ ಒಂದೇ ಹಾಡು,
'ಮೇಣದ ಕ್ಯಾಪ್ಟನ್'.
ಅದರ ನಡುವೆ ಎಲ್ಲಿಂದಲೋ ಒಂದು ಸ್ಯಾಕ್ಸೊಫೋನು
ತಪ್ಪು ಮನೆಯ ಬಾಗಿಲು ತಟ್ಟಿ
ಒಳಗೂ ಬಾರದೆ, ಕ್ಷಮಿಸಿ ಅಂತಲೂ ಅನ್ನದೆ
ನಿಂತೇ ಇರುವ ನೆಂಟನ ಹಾಗೆ.

ನುಡಿಸಿದವನು ಸಿರಿಲ್. ಅಗೋ, ರೇಡಿಯೇಟರಿನ ಪಕ್ಕ.
ಒಂದೇ ಮಧ್ಯಾಹ್ನದ ಕೆಲಸ, ಮೂವತ್ತು ಪೌಂಡು, ಊಟ ಬೇರೆ.
ಪ್ರತಿ ವರ್ಷ ಅವನ ರಟ್ಟಿನ ಮೇಲೂ ಅದೇ ಹೆಸರು,
ಅಚ್ಚುಕಟ್ಟು ಅಕ್ಷರ, ಕೆಳಗೆ ಗೆರೆ.

ಈ ಸಲ ಬೆರಿಲ್ ತನ್ನ ಅಂಗಡಿಯ ಹುಡುಗಿಯನ್ನು ಕರೆತಂದಿದ್ದಳು,
ಟ್ಯಾನ್ಸಿ, ಇಪ್ಪತ್ತಮೂರು.
'ನನಗೇನೋ ಆ ಸ್ಯಾಕ್ಸೊಫೋನು ಇಷ್ಟ' ಅಂದಳು,
'ಮಿಕ್ಕವರೆಲ್ಲ ತಾಳಕ್ಕೆ ಸರಿಯಾಗಿದ್ದಾರೆ.
ಇವನೊಬ್ಬ ಉಸಿರಾಡುತ್ತಾನೆ.'

ಟೋಪಿ ಬೋರಲಾಯಿತು.
ಎಣಿಸಿದೆ. ಮತ್ತೆ ಎಣಿಸಿದೆ.
ಮೇಣದ ಕ್ಯಾಪ್ಟನ್ ಒಂದು ಮೆಟ್ಟಿಲು ಮೇಲೆ.
ಕಡೆಯಲ್ಲಿ, ಒಂದೇ ಓಟಿನಿಂದ, ಸತ್ತ ನಾಯಿ.

ಚಪ್ಪಾಳೆ ತಟ್ಟಿದೆವು. ಸಿರಿಲ್ ತಟ್ಟಲಿಲ್ಲ.
ಎದ್ದ. ಕೋಟಿನ ಒಂದೇ ತೋಳಿಗೆ ಕೈ ತೂರಿಸಿ ನಿಂತ.
'ಕೆಳಗಿನಿಂದ ಎರಡನೆಯದನ್ನು' ಅಂದ, 'ಯಾರು ನೆನಪಿಡುತ್ತಾರೆ?
ನಲವತ್ತು ವರ್ಷ ನುಡಿಸಿದ್ದೇನೆ.
ಹೋಟೆಲು, ದೋಣಿ, ಕ್ರಿಸ್‌ಮಸ್ ಕುಣಿತ,
ಎಲ್ಲ ಕಡೆ ಚೆನ್ನಾಗಿಯೇ ನುಡಿಸಿದೆ.
ಅದರಲ್ಲಿ ಒಂದನ್ನು ಗುನುಗಿ ನೋಡೋಣ, ಯಾರಾದರೂ.'

ಯಾರೂ ಗುನುಗಲಿಲ್ಲ.
ಕೌಂಟರಿನ ಹಿಂದೆ ಫ್ರಿಜ್ಜು ಗುನುಗುತ್ತಿತ್ತು.
ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ;
ಹೆಗ್ಗಣವನ್ನು ಹೆಗ್ಗಣವೆಂದೇ ಕರೆಯಿರಿ ಅಂತ
ಹಟ ಹಿಡಿದವನನ್ನು ಇವತ್ತೇ ಕಂಡದ್ದು.

ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ
ತಕ್ಕಡಿಗೆ ಹೆಬ್ಬೆರಳು ಒತ್ತಿದವಳಲ್ಲ ನಾನು.
ರಟ್ಟುಗಳನ್ನು ಮತ್ತೆ ಜೋಡಿಸಿದೆ,
'ಕನ್ನಡಕ ತಂದಿಲ್ಲ' ಅಂದೆ,
'ತಪ್ಪು ಎಣಿಸಿದ್ದೆ.'

ಸಿರಿಲ್ ಕೋಟು ಕಳಚಿ ಕುಳಿತ.
ಹಂಫ್ರಿ ಚಿಪ್ಸ್ ಹೇಳಿದ, ಇಬ್ಬರಿಗೆ ಉಪ್ಪಿಲ್ಲದ್ದು.
ಮೂಗಿನ ಮೇಲೆಯೇ ಇದ್ದ ನನ್ನ ಕನ್ನಡಕವನ್ನು
ಟ್ಯಾನ್ಸಿ ನೋಡುತ್ತಲೇ ಇದ್ದಳು.