ಹೊರಮೈ

ಕ್ಯಾತಮಾರನಹಳ್ಳಿಯ ಅಂಚಿನಲ್ಲಿ ತಗಡಿನ ಶೆಡ್ಡು.
ಜವರಮ್ಮ ಅಲ್ಲಿ ಹತ್ತೊಂಬತ್ತು ವರ್ಷ
ಬಳಪದ ಕಲ್ಲಿನ ಪುಡಿಗೆ ರಂಗೋಲಿ ಬಣ್ಣ ಕಲಸಿದಳು.
ಸೋಮವಾರ ಗುಲಾಬಿ, ಮಂಗಳವಾರ ಹಸಿರು,
ಗೌರಿಹಬ್ಬದ ಹಿಂದಿನ ವಾರ ಹೊತ್ತುಗೊತ್ತಿಲ್ಲದೆ ಎಲ್ಲವೂ.
ಮೂಗಿಗೆ ಸೆರಗು. ಸೆರಗಿಗೂ ಬಣ್ಣ.
ರಾತ್ರಿ ಉಗುಳಿದರೆ ನೀಲಿ.
"ನೋಡ್ರವ್ವಾ, ನಂಜುಂಡಪ್ಪ ನನ್ ಗಂಟ್ಲಲ್ಲೇ ಅವ್ನೆ"
ಅಂತ ಜೊತೆಯವರನ್ನು ನಗಿಸುತ್ತಿದ್ದಳಂತೆ.

ನಾನು ಎಕ್ಸ್‌ರೇ ತೆಗೆಯುವವನು.
ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ.
ದಿನಕ್ಕೆ ನೂರು ಸಲ, ಇಷ್ಟೇ ನನ್ನ ಭಾಷೆ.
ಅವಳು ಎಳೆದಳು, ಹಿಡಿಯಲಾಗದೆ ಕೆಮ್ಮಿದಳು.
ಮತ್ತೊಮ್ಮೆ ತೆಗೆದೆ.

ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದಳು:
"ಕಲ್ಲಿಂದ್ಲಾ ಸಾ, ಬಣ್ಣದಿಂದ್ಲಾ?"

ಪಿಯುಸಿಗೇ ಬಿಟ್ಟ ರಸಾಯನಶಾಸ್ತ್ರ ನೆನಪಾಯಿತು.
ಮೇಷ್ಟ್ರು ಸೀಮೆಸುಣ್ಣ ಮುರಿದು ತೋರಿಸಿದ್ದರು:
ಮುರಿದಾಗಲೆಲ್ಲ ಎರಡು ಹೊಸ ಮುಖ.
ಇನ್ನೂ ಮುರಿ, ಅರೆ, ಜರಡಿ ಹಿಡಿ,
ತೂಕ ಅಷ್ಟೇ, ಮೈ ಮಾತ್ರ ಬೆಳೆಯುತ್ತಲೇ ಹೋಗುತ್ತದೆ.
ಒಂದು ಬೊಗಸೆ ನುಣ್ಣನೆ ಪುಡಿಯ ಮೈಯನ್ನೆಲ್ಲ ಬಿಡಿಸಿ ಹಾಸಿದರೆ
ನಮ್ಮ ಕಾಲೇಜಿನ ವಾಲಿಬಾಲ್ ಅಂಗಳ ಮುಚ್ಚೀತು.
ಆ ಮೈ ಏನನ್ನೂ ಹೀರುವುದಿಲ್ಲ, ಕುಡಿಯುವುದಿಲ್ಲ,
ಹೊರಗೇ ಅಂಟಿಸಿಕೊಂಡು ಹೊರಡುತ್ತದೆ,
ಸಂಜೆ ಆರರ ಸಿಟಿ ಬಸ್ಸಿನ ಬಾಗಿಲಿಗೆ
ಜನ ಜೋತುಬಿದ್ದ ಹಾಗೆ:
ಬಣ್ಣ, ಬಣ್ಣದ ಡ್ರಮ್ಮಿನ ತಳದ ಹೆಸರಿಲ್ಲದ ಜಿಡ್ಡು,
ರಿಂಗ್ ರೋಡಿನ ಲಾರಿಗಳ ಹೊಗೆ.
ಯಾರು ಎಲ್ಲಿ ಇಳಿಯುತ್ತಾರೋ
ಕಂಡಕ್ಟರಿಗೂ ಗೊತ್ತಿಲ್ಲ.

ಇದನ್ನೇನೂ ಹೇಳಲಿಲ್ಲ.
"ಡಾಕ್ಟ್ರನ್ನ ಕೇಳಮ್ಮ" ಎಂದೆ.

ಡಾಕ್ಟರು ಚೀಟಿಯಲ್ಲಿ ಬರೆದದ್ದು
ತುಣುಕು ತೆಗೆದು ಪರೀಕ್ಷೆಗೆ ಕಳಿಸಲು.
ಬಾಯಲ್ಲಿ ಅಂದದ್ದು ಒಂದೇ: ಇರಬಹುದು.
ಕಲ್ಲೂ ಇರಬಹುದು, ಬಣ್ಣವೂ ಇರಬಹುದು, ಬರೀ ಕಫವೂ ಇರಬಹುದು.
ಅದೂ ಒಂದು ನುಣ್ಣನೆಯ ಪುಡಿಯೇ,
ಇರಬಹುದು ಎಂಬ ಮಾತು.
ಮನೆಗೆ ಹೋಗುವಷ್ಟರಲ್ಲಿ
ದಾರಿಯ ಭಯಗಳೆಲ್ಲ ಬಂದು ಹತ್ತಿಕೊಳ್ಳುತ್ತವೆ.

ಫಿಲ್ಮು ಒಯ್ಯಲು ಬಂದಾಗ
ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದೆ, ಕೇಳಿದಳೆಂದು.
ಎಡಗಡೆ ಮೇಲೆ ಬಿಳಿ ಚುಕ್ಕಿಗಳು,
ಸಾಲಾಗಿಲ್ಲ, ಯಾರೂ ಎಣಿಸಿ ಇಟ್ಟವಲ್ಲ.

ಹತ್ತಿರ ಬಂದಳು. ದೂರ ಸರಿದು ನೋಡಿದಳು,
ಬಾಗಿಲ ಮುಂದಿನ ರಂಗೋಲಿಯನ್ನು ನೋಡುವ ಹಾಗೆ.

"ಇಷ್ಟ್ ವರ್ಸ ತುಂಬ್ಕೊಂಡಿವ್ನಿ,
ಇದ್ರಲ್ಲಿ ಒಂದ್ ಬಣ್ಣನೂ ಬಂದಿಲ್ವಲ್ಲ ಸಾ."