ಇತರ ಮೂಲಗಳು

ಕಿಟ್ವೆಯಲ್ಲಿ ರಾತ್ರಿ ಹತ್ತೂವರೆ. ಕರೆಂಟಿಲ್ಲ.
ಅರ್ಜಿಯ ಗಡುವು ನಡುರಾತ್ರಿ,
ಅದೂ ಯಾರದೋ ದೇಶದ ನಡುರಾತ್ರಿ.
ಬೆರಳು ಮಡಿಸಿ ಎಣಿಸುತ್ತಾಳೆ ಎಂಪುಂಡು,
ಉಳಿದದ್ದು ಎರಡು ಗಂಟೆಯೋ, ಮೂರೋ.

ಪಿಎಚ್.ಡಿ. ಆಗಿ ಏಳು ವರ್ಷ ದಾಟಿರಬಾರದು.
ದಾಟಿಲ್ಲ. ಆರು ವರ್ಷ, ಹತ್ತು ತಿಂಗಳು.
ಹೊಸಬರಿಗೆಂದೇ ಎತ್ತಿಟ್ಟ ಹಣ ಇದು.
ಮುಂದಿನ ವರ್ಷ ಅವಳು ಹೊಸಬಳಲ್ಲ, ಹಳಬಳೂ ಅಲ್ಲ,
ಹೊಸ್ತಿಲ ಮೇಲೆ ನಿಂತವಳು.

ಶೀರ್ಷಿಕೆ: ತಾಮ್ರದ ಬೆಲೆ ಏರಿದ ಹತ್ತು ವರ್ಷಗಳಲ್ಲಿ
ಗಣಿಯೂರಿನ ಯಾವ ಯಾವ ಮನೆಯ ತಟ್ಟೆ ತುಂಬಿತು.
'ತಟ್ಟೆ' ಅಳಿಸಿದಳು. 'ಬಳಕೆ ವೆಚ್ಚ' ಎಂದು ಬರೆದಳು.
ತಟ್ಟೆ ಎಂದರೆ ಸಮಿತಿಯ ಮೂಗಿಗೆ
ಕಣ್ಣೀರಿನ ವಾಸನೆ ಬಡಿಯುತ್ತದೆ.

ಖರ್ಚಿನ ವಿವರ:
ಪ್ರಶ್ನೆ ಕೇಳುವ ಹುಡುಗರು ನಾಲ್ವರು, ಇಪ್ಪತ್ತೆಂಟು ದಿನ.
ಮಿನಿಬಸ್ಸು. ಮಳೆ ಹಿಡಿದರೆ ಬೂಟು.
ಉತ್ತರ ಕೊಟ್ಟವರಿಗೆ ತಲಾ ಒಂದು ಸಾಬೂನು.
(ಒಂದು ಕೊಟ್ಟರೆ ಕೃತಜ್ಞತೆ, ಎರಡು ಕೊಟ್ಟರೆ ಆಮಿಷ.)
ಅರ್ಜಿದಾರರ ಸಂಬಳ: ಈ ಸಾಲು ಖಾಲಿ ಬಿಡತಕ್ಕದ್ದು.

ಪ್ರಶ್ನೆ ಒಂಬತ್ತು.
ಈ ವಿಷಯ ನಿಮಗೇಕೆ ಮುಖ್ಯ? ಇನ್ನೂರು ಪದ ಮೀರದಂತೆ.

ಇಲ್ಲಿ ಕೈ ನಿಂತಿತು.

ಬೆಂಬಾ ಮಾತಿನಲ್ಲಿ ಅವಳಿಗಳಿಬ್ಬರಿಗೂ ಒಂದೇ ಹೆಸರು, ಎಂಪುಂಡು.
ಒಂದೇ ಬಸಿರು, ಒಂದೇ ಸೊಳ್ಳೆಪರದೆ,
ಒಂದೇ ವಾರದಲ್ಲಿ ಎದ್ದ ದಡಾರ.
ಗಣಿ ಮಾರಾಟವಾದ ವರ್ಷ ಅಪ್ಪನ ಜೇಬಿನಲ್ಲಿದ್ದದ್ದು
ಒಬ್ಬಳ ಫೀಜು.
ಎರಡು ಬೆಂಕಿಕಡ್ಡಿ ತೆಗೆದ, ಒಂದರ ತುದಿ ಮುರಿದ,
ಮುಷ್ಟಿ ಕಟ್ಟಿ ಮುಂದೆ ಹಿಡಿದ.
ಉದ್ದದ್ದು ಇವಳಿಗೆ ಬಂತು.
ಉಗುರಿನಷ್ಟು ಉದ್ದ, ಅಷ್ಟೆ.
ಇವಳು ಓದಿದ ಶಾಸ್ತ್ರದಲ್ಲಿ ಇದಕ್ಕಿಂತ ಶುದ್ಧ ಪ್ರಯೋಗವಿಲ್ಲ.
ಬೀದಿ ಈಗ ಇಬ್ಬರನ್ನೂ ಬೇರೆ ಮಾಡಿ ಕರೆಯುತ್ತದೆ:
ಪುಸ್ತಕದ ಎಂಪುಂಡು, ಮೂಟೆಯ ಎಂಪುಂಡು.

ಮೂಟೆಯವಳು ಚಿಸೊಕೋನೆ ಸಂತೆಯಲ್ಲಿ
ಪರದೇಶದವರು ಉಟ್ಟು ಬಿಟ್ಟದ್ದನ್ನು ಮಾರುತ್ತಾಳೆ.
ಮೂಟೆ ಬಿಚ್ಚುವ ತನಕ ಒಳಗೇನೋ ಗೊತ್ತಿಲ್ಲ,
ಉಣ್ಣೆಯ ಕೋಟೋ, ಒಂಟಿ ಕಾಲ್ಚೀಲಗಳೋ.
ದುಡ್ಡು ಮಾತ್ರ ಮೊದಲೇ ಎಣಿಸಬೇಕು.

ಇನ್ನೂರು ಪದದೊಳಗೆ ಬೆಂಕಿಕಡ್ಡಿ ಹಿಡಿಸಲಿಲ್ಲ.
ಬರೆದಳು: ಈವರೆಗಿನ ಅಧ್ಯಯನಗಳಲ್ಲಿ ಒಂದು ಕೊರತೆ ಕಾಣುತ್ತದೆ.

ಹನ್ನೆರಡೂಕಾಲಿಗೆ ಡೇಟಾ ಮುಗಿಯಿತು.
ಗೋಡೆ ತಟ್ಟಿದಳು. ಗೋಡೆಯಾಚೆಯಿಂದ
ಚಿಟೆಂಗೆ ಸುತ್ತಿಕೊಳ್ಳುತ್ತ ಎದ್ದು ಬಂದಳು ತಂಗಿ,
ಇಪ್ಪತ್ತು ನಿಮಿಷಕ್ಕೆ ಕಿರಿಯಳು.
ತನ್ನ ಫೋನಿನಿಂದ ಐವತ್ತು ಕ್ವಾಚಾ ಕಳಿಸಿ,
ಉದ್ರಿ ಪುಸ್ತಕ ತೆರೆದು ಬರೆದುಕೊಂಡಳು.
ಪಾಸ್ಟರ್, ನೂರ ಇಪ್ಪತ್ತು. ಟೋಪಿಯ ಹೆಂಗಸು, ಮೂವತ್ತೈದು.
ಅಕ್ಕ, ಐವತ್ತು.

ಪರದೆಯ ಬೆಳಕಿಗೆ ಬಗ್ಗಿ ಓದಿದಳು.
"ಬೆಳವಣಿಗೆ, ಬೆಳವಣಿಗೆ ಅಂತ ಇಷ್ಟು ಸಲ ಬರೆದಿದ್ದೀಯಲ್ಲ,
ಅದು ನಮ್ಮ ಸ್ಟಾಪಿನಲ್ಲಿ ನಿಲ್ಲುತ್ತಾ?"
"ಅದನ್ನ ಕೇಳೋಕೇ ದುಡ್ಡು ಕೇಳ್ತಿದೀನಿ."
"ಕೇಳೋಕೂ ದುಡ್ಡು ಬೇಕಾ? ನಾನು ದಿನಾ ಪುಕ್ಕಟೆ ಕೇಳ್ತೀನಿ.
ಹುಡುಗರನ್ನ ನನ್ನ ಹತ್ರಾನೂ ಕಳಿಸ್ತೀಯಾ?"
"ಆಗಲ್ಲ. ಸಂಬಂಧಿಕರನ್ನ ಸೇರಿಸಬಾರದು."
"ಹಾಗಾದ್ರೆ ನನಗೆ ಸಾಬೂನಿಲ್ಲ," ಅಂದಳು,
ಆಕಳಿಸಿದಳು, ಹೋಗಿ ಮಲಗಿದಳು.

ಕಟ್ಟಕಡೆಯ ಪ್ರಶ್ನೆ:
ಈ ಸಂಶೋಧನೆಗೆ ಇತರ ಮೂಲಗಳಿಂದ ನೆರವು ಪಡೆದಿದ್ದೀರಾ?
ಹೌದಾದರೆ ಹೆಸರು, ಮೊತ್ತ, ವರ್ಷ.

ಬೆರಳು 'ಇಲ್ಲ'ದ ಮೇಲಿತ್ತು.
ಗೋಡೆಯಾಚೆ ಮಂಚ ಕಿರುಗುಟ್ಟಿತು.

'ಹೌದು' ಒತ್ತಿದಳು.
ಮೊತ್ತದ ಜಾಗದಲ್ಲಿ ಬಹಳ ಹೊತ್ತು ನಿಂತು, ಐವತ್ತು ಎಂದಳು.
ವರ್ಷ: ಒಂದೇ ವರ್ಷ ಬರೆಯಲು ಜಾಗವಿತ್ತು.
ಹೆಸರು: ಎಂಪುಂಡು.

ಯಂತ್ರ ಒಪ್ಪಲಿಲ್ಲ. ಕೆಂಪಕ್ಷರದಲ್ಲಿ ಹೇಳಿತು:
ಅರ್ಜಿದಾರರೂ ದಾನಿಯೂ ಒಬ್ಬರೇ ಆಗಿರುವಂತಿಲ್ಲ.

ಬ್ಯಾಟರಿ ನಾಲ್ಕು. ಗಡುವಿಗೆ ಒಂಬತ್ತು ನಿಮಿಷ.